ದಿನಕ್ಕೊಂದು ಬಟ್ಟಲು

ಗಾತ್ರ ನೋಡಿ ಮೋಸಹೋಗಬೇಡಿ, ಗಟ್ಟಿ ನೋಡಿ,
ಅನ್ನುತ್ತಾಳೆ ಮುನಿತಾಯಮ್ಮ, ಮಂಚದ ಮೇಲಿಂದಲೇ.
ಹೆಬ್ಬೆರಳು ಒತ್ತಿದರೆ ಒಳಗೆ ಹೋಗಬಾರದು,
ಕಿವಿಯ ಹತ್ತಿರ ಹಿಂಡಿದರೆ
ಹೊಸ ಚಪ್ಪಲಿಯ ಹಾಗೆ ಕಿರ್ ಅನ್ನಬೇಕು ಕೋಸು.

ಅವಳಪ್ಪ ಸಿದ್ದಾಪುರದಲ್ಲಿ ತರಕಾರಿ ತೋಟ ಮಾಡಿದವನು.
ಆ ಮಡಿಗಳ ಮೇಲೀಗ ಟೈರಿನ ಅಂಗಡಿ.

ನಾನು ಮೂವತ್ತೊಂದು ವರ್ಷ ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ
ಮೊಳೆ ಜೋಡಿಸಿದವನು.
ತಲೆಕೆಳಗಾದ ಒತ್ತಕ್ಷರವನ್ನು ಬೆರಳಲ್ಲೇ ಓದುತ್ತಿದ್ದೆ,
ಒಗ್ಗರಣೆ ಗೊತ್ತಿರಲಿಲ್ಲ.

ಅವಳೆದೆಗೆ ಲೋಹದ ಕವಾಟ ಕೂರಿಸಿದ ಮೇಲೆ
ಅಡುಗೆಮನೆ ನನ್ನ ಪಾಲಿಗೆ ಬಂತು.
ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತರೆ ಕೇಳಿಸುತ್ತದೆ
ಟಿಕ್, ಟಿಕ್.
ಗೋಡೆಯ ಗಡಿಯಾರ ನಿಂತು ವರ್ಷವಾಯಿತು,
ಸೆಲ್ಲು ಹಾಕಿಸಿಲ್ಲ ಇನ್ನೂ.

ರಕ್ತ ಹೆಪ್ಪುಗಟ್ಟದಿರಲು ದಿನಾ ಸಂಜೆ ಒಂದು ಮಾತ್ರೆ.
ಹಸಿರೆಲೆಯಲ್ಲಿ 'ಕೆ' ಅಂತೊಂದು ವಿಟಮಿನ್ ಇದೆ,
ಅದು ಮಾತ್ರೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ,
ಅಂತ ಪಕ್ಕದ ಬೆಡ್ಡಿನವರ ಅಳಿಯ ಹೇಳಿದ.
ಅಷ್ಟೇ ಸಾಕಾಯಿತು ನನಗೆ. ಸೊಪ್ಪು ಬಿಟ್ಟೆ, ಕೋಸು ಬಿಟ್ಟೆ,
ಸಾರಿಗೆ ಉದುರಿಸುವ ಕೊತ್ತಂಬರಿಯನ್ನೂ ಬಿಟ್ಟೆ.
ಮೂರು ವಾರ ಆಲೂಗಡ್ಡೆ, ಬೇಳೆ, ಬಿಳಿ ಅನ್ನ.
ಒಂದು ಬೆಳಿಗ್ಗೆ ಹಲ್ಲುಜ್ಜುವಾಗ
ಅವಳ ವಸಡಿನಲ್ಲಿ ರಕ್ತ.

ಮೂರಿರಬೇಕಾದ ಕಡೆ ಐದೂವರೆ ಇತ್ತು ಚೀಟಿಯಲ್ಲಿ.
ಡಾಕ್ಟರ್ ಜಬೀನಾ ನನ್ನನ್ನೇ ಬೈದರು:
"ಬಿಡಿ ಅಂದವರ್ಯಾರು?
ತಿಂತಾ ಇದ್ದದ್ದನ್ನ ನಿಲ್ಲಿಸಿದ್ರೆ ಮಾತ್ರೆಗೆ ಕಡಿವಾಣ ಎಲ್ಲಿ?
ತಿನ್ನಲಿ, ದಿನಾ ತಿನ್ನಲಿ. ಆದ್ರೆ ದಿನಾ ಅಷ್ಟೇ.
ಹಬ್ಬ ಅಂತ ಜಾಸ್ತಿ ಇಲ್ಲ, ಕೋಪ ಅಂತ ಕಮ್ಮಿ ಇಲ್ಲ."

ಅಂದಿನಿಂದ ಅವಳ ತವರಿನ ಹಿತ್ತಾಳೆ ಬಟ್ಟಲು ಅಳತೆಗೆ.

ಹೊರಗಿನ ಹಸಿರೆಲೆ ಕಿತ್ತು ಎಸೀಬೇಡಿ, ಅನ್ನುತ್ತಾಳೆ,
ಬಿಸಿಲು ಕುಡಿದದ್ದು ಅದೇ, ಒಳಗಿನದು ಬರೀ ನೆರಳು.
ಹಾಗಾಗಿ ಹಸಿರು ಬಿಳಿ ಎರಡನ್ನೂ ಬೆರೆಸಿ ಹೆಚ್ಚುತ್ತೇನೆ,
ಹತ್ತು ಪಾಯಿಂಟಿನ ಅಕ್ಷರದಷ್ಟು ಸಣ್ಣಗೆ.
ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಕರಿಬೇವು.
ನೀರು ಹಾಕಬೇಡಿ, ತೊಳೆದ ನೀರೇ ಸಾಕು ಅದಕ್ಕೆ.
ಮೊದಲ ವಾರ ನಾನು ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿದ್ದೆ;
ಕೊಳೆತ ಮೊಟ್ಟೆಯ ವಾಸನೆ ಮೆಟ್ಟಿಲಿಳಿದು
ಓನರಮ್ಮನ ಪೂಜೆಯವರೆಗೂ ಹೋಗಿತ್ತು.
ಇದ್ದ 'ಸಿ' ವಿಟಮಿನ್ನೂ ಆವಿಯಾಯಿತು, ಮರ್ಯಾದೆಯೂ.
ಈಗ ಏಳು ನಿಮಿಷ, ಮುಚ್ಚಳ ಒಂದು ಬೆರಳು ಓರೆ,
ಇಳಿಸಿದ ಮೇಲೆ ಕಾಯಿತುರಿ.
ನಡುವಿನ ದಿಂಡು ನನ್ನದು:
ಉಪ್ಪು ಹಚ್ಚಿ, ಸ್ಟೌ ಪಕ್ಕ ನಿಂತೇ ಕಡಿಯುತ್ತೇನೆ.

ಆದರೆ ಸಂಜೆ ಐದಕ್ಕೆ ನಮ್ಮ ಬೀದಿಯ ತಿರುವಿನಲ್ಲಿ
ತಳ್ಳುಗಾಡಿಯ ಬಾಣಲೆ ಸದ್ದು ಮಾಡುತ್ತದೆ.
ಮಂಚೂರಿ.
ಗೋಬಿ ಅಂತ ಬೋರ್ಡು, ಒಳಗೆಲ್ಲ ಎಲೆಕೋಸು.
ಬೆಳ್ಳುಳ್ಳಿಯ ಘಾಟು ಕಿಟಕಿಯಿಂದ ಬಂದು
ಅವಳ ಮಂಚದ ತುದಿಗೆ ಕೂರುತ್ತದೆ.

ಮೊನ್ನೆ ಗುರುವಾರ ಮಧ್ಯಾಹ್ನ ತಟ್ಟೆ ತೊಳೆಯುವಾಗ
ಕಣ್ಣಿಗೆ ಬಿತ್ತು: ಬಟ್ಟಲಲ್ಲಿ ಪಲ್ಯ ಹಾಗೇ ಇದೆ.
ಎದೆ ಧಸಕ್ಕೆಂದಿತು. ಯಾಕೆ, ಹೊಟ್ಟೆ ಕೆಟ್ಟಿತಾ?
"ಇಲ್ಲ," ಅಂದಳು, ಗೋಡೆ ನೋಡುತ್ತ,
"ಉಳಿಸಿದೀನಿ. ದಿನಾ ಅಷ್ಟೇ ಅಂದರಲ್ಲ ಡಾಕ್ಟರು?
ಇವತ್ತಿಂದು ಸಂಜೆಗೆ.
ಗಾಡಿಯವನ ಹತ್ತಿರ."

ತಂದೆ.
ಹಿತ್ತಾಳೆ ಬಟ್ಟಲಿಗೆ ಒಂದೊಂದೇ ಉಂಡೆ ಇಟ್ಟು ಅಳೆದೆ.
ಒಂದನ್ನು ಮುರಿದು ನೋಡಿದೆ, ಅರ್ಧಕ್ಕರ್ಧ ಮೈದಾ.
ಲೆಕ್ಕ ಸರಿಹೋಗಲಿ ಎಂದು
ಮಧ್ಯಾಹ್ನದ ಪಲ್ಯವನ್ನೇ ಅರ್ಧ ಬಟ್ಟಲು ಪಕ್ಕಕ್ಕೆ ಬಡಿಸಿದೆ.
ಬೈದುಕೊಂಡೇ ತಿಂದಳು ಪಲ್ಯವನ್ನು.
ಮಂಚೂರಿ ತಿನ್ನುವಾಗ ಮಾತೇ ಇಲ್ಲ.

ಆಮೇಲೆ ಅವಳ ತುಟಿಯಂಚಿನಲ್ಲಿ ಕೆಂಪು.
ದೀಪದ ಹತ್ತಿರ ಕರೆದು, ಬಾಯಿ ತೆರೆಸಿ,
ಕರಡು ತಿದ್ದುವವನ ಹಾಗೆ ಕನ್ನಡಕ ಏರಿಸಿ ನೋಡಿದೆ.

ಸಾಸು.