ಬಂದಿಲ್ಲಷ್ಟ

ಮೈಂದರ್ಗಿ ಕನ್ನಡ ಸಾಲ್ಯಾಗ ಇಪ್ಪತ್ತೊಂದು ದಿನ
ಸಿನಿಮಾ ತಗದ್ರು, ಒಂಬತ್ತನೇ ಇಯತ್ತೆ ಹುಡುಗರ ನಗಿ ಸಿನಿಮಾ.
ಹೀರೋಗ ಮೂವತ್ತು ವರ್ಷ. ಮೀಸಿ ಬೋಳಿಸಿ
ಖಾಕಿ ಚಡ್ಡಿ ಹಾಕಿ ಹಿಂದಿನ ಬಾಕಿನ ಮ್ಯಾಲ ಕೂಡಸಿದ್ರು.
ನಾವು ಊರ ಹುಡುಗ್ಯಾರು ಬರೇ ಗದ್ದಲಕ್ಕ:
ದಿನಕ್ಕ ಹತ್ತು ರೂಪಾಯಿ, ಎರಡು ಬಾಳಿಹಣ್ಣು.

ಹಾಜರಿ ಕೂಗೋ ಸೀನು. ಮಾಸ್ತರನ ಯಾಸ ಹಾಕಿದಾಂವ
ನಮ್ಮ ಖರೇ ಹಾಜರಿ ಪುಸ್ತಕಾನ ಓದಿದ.
ರತ್ನಮಾಲಾ ಕುಂಬಾರ?
ಆಕಿ ದೀಪಾವಳಿಗೇ ಸೋಲಾಪುರಕ್ಕ ಹೋಗಿದ್ಲು,
ಚಿಕ್ಕವ್ವನ ಕೂಡ ಬೀಡಿ ಕಟ್ಟಾಕ.
ಹೆಸರು ಹೊಡದು ಹಾಕ್ಯಾರಂತ, ರೂಢಿಲೆ ಎದ್ದೆ:
"ಹಾಜರ ಅದಾಳ್ರೀ ಸರ. ಬಂದಿಲ್ಲಷ್ಟ."

ಕಟ್ ಅನ್ನಾಂವ ಕಟ್ ಅನ್ನೂದು ಮರತು ನಕ್ಕ.
ಮರುದಿನ ಆ ಮಾತು ಹೀರೋನ ಬಾಯಾಗಿತ್ತು.

ಈಗ ಸಂತ್ಯಾಗ ಕೊತ್ತಂಬರಿ ಕೇಳ್ರಿ:
ಹಾಜರ ಅದ, ಬಂದಿಲ್ಲಷ್ಟ.
ಕರೆಂಟು ಹಂಗ. ದುಧನಿ ಬಸ್ಸು ಹಂಗ.
ಚಪ್ಪರದಾಗ ಸಿಟ್ಟಾದ ಸೋದರಮಾವನೂ ಹಂಗ.
ಸಿನಿಮಾನ ನೋಡದ ಹುಡುಗ್ರು ಮೊಬೈಲಿನಾಗ
ಆ ಮಾತಿಗೆ ಬಾಯಿ ಆಡಸ್ತಾವ, ನನ್ನ ಮಗಾನೂ.
ಬ್ಯಾಂಕಿನ ಮರಾಠಿ ಸಾಹೇಬಗ
ಬರೂ ಕನ್ನಡ ಅದೊಂದ.

ಹ್ವಾದ ವರ್ಷ ಸೋಲಾಪುರ ದವಾಖಾನ್ಯಾಗ ರತ್ನಿ ಸಿಕ್ಕಳು.
ಬೆರಳಿನ ತುದಿಗೆಲ್ಲಾ ತಂಬಾಕಿನ ಬಣ್ಣ.
ನಾಕು ಸಲ ನೋಡೀನಿ, ಅಂದ್ಲು,
ಆ ಮಾತಿಗೆ ಥೇಟರಿಗಿ ಥೇಟರ ಎದ್ದು ನಿಲ್ತಿತ್ತು,
ನಾನೂ ಸೀಟಿ ಹೊಡದೆ.
ಯಾರಿಗಿ ಹೊಳೀತಾವವ್ವಾ ಇಂಥಾ ಮಾತು?

ಚೀಟಿ ಕೊಡಾಂವ ಹೆಸರು ಕೂಗಿದ.
ನಾನು ಬಾಯಿ ತಗಿಯೂದ್ರೊಳಗ
ಆಕೀನ ಎದ್ದು ನಿಂತ್ಲು,
"ಬಂದೀನ್ರೀ" ಅಂತ.