ಹದಿನೇಳನೇದು

ಬಾಗಲಕೋಟಿ ನವನಗರ, ಕಾಲೇಜಿನ ಹಿಂದಿನ ಕಟ್ಟಡ,
ಇಲಿಮನಿ ಅಂತಾರ. ಕೀಲಿ ನನ್ನ ಕಡೆ ಇರ್ತದ.
ಮುಂಜಾನೆ ಹೊಟ್ಟು ಬದಲಸೂದು,
ಸಂಜೀಕ ಬಾಟಲಿ ತೂಗಿ ಬರಿಯೂದು.

ಹೊನ್ನಳ್ಳಿ ಮೇಡಮ್ಮಾರದೊಂದು ಹಲಗಿ ಅದ,
ಹದಿನಾರು ತೂತಿಂದು.
ಇಲಿ ಬಿಟ್ಟು ಗಡಿಯಾರ ಒತ್ತತಾರ:
ಯಾವುದು ಎಷ್ಟು ತೂತಿಗೆ ಮೂಗು ಹಾಕ್ತದ,
ಯಾವುದು ಮೂಲ್ಯಾಗ ಕೂತು ಮೀಸಿ ತಿಕ್ಕೋತದ.
'ಹೊಸದರ ಹಸಿವು ಇದ್ದವೇ ಹೆಚ್ಚು ಕುಡೀತಾವೇನು,
ನೋಡೂಣು ಗ್ಯಾನಪ್ಪ' ಅಂದ್ರು.
ಪಂಜರಕ್ಕ ಎರಡು ಬಾಟಲಿ. ಒಂದು ನೀರು.
ಇನ್ನೊಂದು ನೀರಿನಂಗ ಕಾಣೂದು.

ಹದಿನೇಳನೇ ನಂಬರಿನ ಇಲಿ
ಹದಿನಾರೂ ತೂತು ಮುಗಿಸಿ
ಹದಿನೇಳನೇ ತೂತು ಹುಡುಕ್ತು.
ಮೇಡಮ್ಮಾರು ನಕ್ಕರು. ನನಗ ನಗು ಬರಲಿಲ್ಲ.

ಹಳೇ ಊರಿಗೆ ಹಿನ್ನೀರು ಬರತದಂತ ನೋಟೀಸು ಬಂದಾಗ
ಓಣಿ ಮಂದಿ ಹೊಸ್ತಿಲಾ ಹಿಡಕೊಂಡು ಕೂತಿದ್ರು.
ನಮ್ಮಣ್ಣ ಮಾನಿಂಗ ಒಬ್ಬಾವ
ಹೊಲಿಗಿ ಮಶೀನು ಬಂಡಿಗೆ ಹೇರಿ
ಕಂಬಕ್ಕ ಇನ್ನೂ ವೈರು ಕಾಣದ ಸೆಕ್ಟರಿಗೆ ಬಂದ.
ಸೈಕಲ್ ಮ್ಯಾಲ ಎಲ್ಲಾ ರಸ್ತೆ ಅಡ್ಡ್ಯಾಡಿದ,
ತಿರುವು ತಿರುವಿಗೂ ಹಣಿಕಿ ಹಾಕಿಕೋತ.
ವರ್ಷದಾಗ ಗೊತ್ತಾತು, ಎಲ್ಲಾ ಸೆಕ್ಟರೂ ಒಂದೇ ಥರ.
ಆಮ್ಯಾಲ ಹುಡುಕಿದ್ದು ಅವಗ ಎಲ್ಲಿ ಸಿಕ್ತು,
ಆ ಅಂಗಡಿ ಈಗೂ ಅದ, ಬೋರ್ಡಷ್ಟ ಬದಲಾಗೇದ.

ಹದಿನೇಳರ ಎರಡನೇ ಬಾಟಲಿ ದಿನಾ ಇಳೀತಿತ್ತು.
ಒಂಬತ್ತನೇದೂ ಕುಡೀತಿತ್ತು, ಖರೆ ಹೇಳಬೇಕು,
ಒಂದು ತೂತಿಗೂ ಮೂಗು ಹಾಕದ ಪುಕ್ಕಲು.
ಅದ್ಯಾಕಂತ ಮೇಡಮ್ಮಾರಿಗೂ ಗೊತ್ತಿಲ್ಲ.

ಒಂದು ರಾತ್ರಿ ಕೀಲಿ ಹಾಕೂ ಮುಂದ
ಹದಿನೇಳರ ಪಂಜರದಾಗ ದಾರದ ಖಾಲಿ ರೀಲು ಇಟ್ಟೆ, ಕಟ್ಟಿಗೀದು.
ಮರುದಿನ ಬೆಂಕಿಪೆಟ್ಟಿಗಿ, ಒಳಗ ಕಡ್ಡಿ ಇಲ್ಲದ್ದು.
ಆಮ್ಯಾಲ ಇಳಕಲ್ ಸೀರಿ ಅಂಚಿನ ಚೂರು.
ಅಂಗಿ ಗುಂಡಿ, ಎರಡು ತೂತಿಂದು, ನಾಕು ತೂತಿಂದು.
ಎಲ್ಲಾ ಅಣ್ಣನ ಡಬ್ಬಿಯಾಗಿಂದವು.
ರಾತ್ರಿಯೆಲ್ಲಾ ಕಟಕಟ ಸಪ್ಪಳ ಇರತಿತ್ತಂತ, ವಾಚಮನ್ ಹೇಳ್ದ.

ಬಾಟಲಿ ಇಳೀಲಿಲ್ಲ.

ಸೋಮವಾರ ಮೇಡಮ್ಮಾರು ಎರಡು ಸಲ ತೂಗಿದ್ರು,
ತೂಕದ ಮಶೀನು ಒರಸಿ ಮತ್ತ ತೂಗಿದ್ರು.
ನಾನು ಹೇಳಿಬಿಟ್ಟೆ.
ಬೈತಾರಂತ ತಲಿ ತಗ್ಗಿಸಿ ನಿಂತೆ.
ಅವರು ಕುರ್ಚಿ ಎಳಕೊಂಡು ಕೂತ್ರು, ಪೆನ್ನಿನ ಟೊಪಗಿ ತಗದ್ರು.
'ಈ ಇಲಿ ಇನ್ನ ಲೆಕ್ಕಕ್ಕ ಬರೂದಿಲ್ಲ.
ಆದ್ರೂ ಯಾವ ತಾರೀಖಿಗೆ ಏನಿಟ್ಟಿ, ಹೇಳು.'

ಹನ್ನೊಂದಕ್ಕ, ದಾರದ ರೀಲು.
ಹನ್ನೆರಡಕ್ಕ, ಬೆಂಕಿಪೆಟ್ಟಿಗಿ.
ಅಲ್ಲೇ ತಡದೆ.

ಸಂಜೀ ಹೊತ್ತು ಅಣ್ಣ ಕಟ್ಟಿ ಮ್ಯಾಲ ಕೂಡತಿದ್ದ,
ಯಾರೂ ಬರದ ಅಗಲ ರಸ್ತೆ ನೋಡಕೋತ.
ಬಾಜೂಕ ಕೂತು ನಾನು ಒಂದಿನ, ಒಂದು ಗುಂಡಿಯಾದ್ರೂ...

'ಹದಿಮೂರಕ್ಕ?' ಅಂದ್ರು ಮೇಡಮ್ಮಾರು.

ಸರಳಿನ ಸಂದ್ಯಾಗಿಂದ ಹದಿನೇಳನೇದು
ಅವರ ಪೆನ್ನಿನ ಟೊಪಗಿ ಕಡೆ
ಮೂಗು ಚಾಚಿತ್ತು.