ಹುಳಿಗೆ ಬಿಟ್ಟದ್ದು

ಪತ್ತನಾಜೆಗೆ ಇನ್ನು ನಾಲ್ಕೇ ದಿನ.
ತಾಳೆಯಿಂದ ಕೊನೆಯ ಮಡಕೆ ಇಳಿದು ಮೂರು ರಾತ್ರಿ ಕಳೆಯಿತು,
ಸುಣ್ಣ ಬಳಿಯದ ಮಡಕೆ. ಬೇಕೆಂದೇ ಬಳಿಯಲಿಲ್ಲ.

ಆರು ತಿಂಗಳು ನಾವು ಹುಳಿಯನ್ನು ಅಂಗಳಕ್ಕೆ ಸೇರಿಸಿದವರಲ್ಲ.
ನಸುಕಿಗೇ ಮಡಕೆಯ ಒಳಮೈಗೆ ಸುಣ್ಣ,
ಸೋಸುವ ಬಟ್ಟೆಗೆ ಕುದಿನೀರು,
ಸಂಕಪ್ಪ ಮರ ಇಳಿದು ನೆಲ ಮುಟ್ಟುವ ಮೊದಲೇ
ಒಲೆಯಲ್ಲಿ ಗೇರುಕಟ್ಟಿಗೆ ಹಿಡಿದಿರಬೇಕು.
ಬಿಸಿಲು ಒಂದು ಗೇಣು ಏರಿತೋ,
ನೊರೆಯ ವಾಸನೆಯಲ್ಲೇ ಅತ್ತೆಗೆ ತಿಳಿಯುತ್ತಿತ್ತು:
‘ಇದು ಗಡಂಗಿಗೆ ಹೋಗಲಿ. ನನ್ನ ತಟ್ಟೆಗೆ ಬೇಡ.’

ಈಗ ಅದೇ ಹುಳಿಯನ್ನು
ನೆಂಟನ ಹಾಗೆ ಕರೆದು ಕೂರಿಸಿದ್ದೆ
ಬೈಕಂಪಾಡಿಯ ಲಾದ್ರು ಬೆಸೆದುಕೊಟ್ಟ ಆರಡಿ ಸ್ಟೀಲು ತಟ್ಟೆಯಲ್ಲಿ,
ಅಂಚಿನವರೆಗೆ ತುಂಬಿಸಿ, ಮೇಲೆ ಮಡಲು ಮುಚ್ಚಿ.
ಮೂರು ರಾತ್ರಿ ಅದು ತನ್ನಷ್ಟಕ್ಕೆ ಗುಳುಗುಳು ಮಾತಾಡಿತು.
ನೊಣ ಬಂತು, ಪಾಂಗಾಳದ ಇರುವೆಯೆಲ್ಲ ಬಂತು,
ಎದುರುಮನೆಯ ದೂಮಣ್ಣ ಎರಡು ಸಲ
ಬೆಂಕಿಪೆಟ್ಟಿಗೆ ಕೇಳುವ ನೆವದಲ್ಲಿ ಬಂದು ಮೂಸಿ ಹೋದ.

ತಳದಲ್ಲಿ ಕೂತದ್ದು ಕೊಳೆಯಲ್ಲ, ಅದನ್ನು ಹೇಳಬೇಕು.
ಅದು ನಾವೇ ಕಾವಲಿಗೆ ಇಟ್ಟ ಸುಣ್ಣ,
ದಿನಾ ರಸದ ಜೊತೆ ಒಂದಿಷ್ಟು ಇಳಿದು, ಬೆಂದು,
ಮೊದಲು ಮೊಟ್ಟೆಚಿಪ್ಪಿನಷ್ಟು, ಆಮೇಲೆ ಮರುವಾಯಿ ಚಿಪ್ಪಿನಷ್ಟು ದಪ್ಪ.
ಕಾವಲುಗಾರನೇ ಬಾಗಿಲಿಗೆ ಅಡ್ಡ ಮಲಗಿದ ಹಾಗೆ
ಬೆಂಕಿಗೂ ಬೆಲ್ಲಕ್ಕೂ ನಡುವೆ.

ಹೋದ ವರ್ಷ ನನಗೆ ಅವಸರ.
ಕಾಯಿ ಹೆರೆಯುವ ಮಣೆಯ ಹಲ್ಲಿನಿಂದಲೇ ಕೆರೆದೆ.
ಎದ್ದಷ್ಟು ಎದ್ದಿತು, ಉಳಿದದ್ದು ಉಳಿಯಿತು,
ಮೂಲೆಯಲ್ಲಿ ಸೂಜಿತೂತು ಬಿತ್ತು.
ಒಂದು ದಿನದ ಪಾಕ ಇಡೀ ಸೀದು ಕಮಟಿತು;
ಉಡುಪಿಯ ಅಂಗಡಿಯವರು ನಲವತ್ತು ಅಚ್ಚು ವಾಪಸು ಕಳಿಸಿದರು.
ಅತ್ತೆ ಏನೂ ಅನ್ನಲಿಲ್ಲ.
ಆಟಿ ಮುಗಿಯುವವರೆಗೂ ಅದೇ ಬೆಲ್ಲ ಕಚ್ಚಿಕೊಂಡು ಚಾ ಕುಡಿದರು,
ನನ್ನ ಎದುರೇ ಕೂತು.

ಈ ಸಲ ಕಬ್ಬಿಣ ಮುಟ್ಟಿಸಿಲ್ಲ.
ಇಂದು ಮಡಲು ಸರಿಸಿ ಹುಳಿಯನ್ನು ತೆಂಗಿನ ಬುಡಕ್ಕೆ ಹೊಯ್ದೆ.
ಗೆರಟೆಯ ಅಂಚು, ಕತ್ತದ ಉಂಡೆ,
ಹಠ ಮಾಡಿದಲ್ಲಿ ಬೀಂಬುಳಿ ಸೀಳಿ ಉಜ್ಜಿದೆ.
ಚಕ್ಕೆ ತಾನಾಗಿ ಬಿಟ್ಟಿತು, ಮಾಗಿದ ಗಾಯದ ಹಕ್ಕಳೆಯಂತೆ.
ಅತ್ತ ಧೀರಜ ಹೊಗೆಕೊಳವೆಯೊಳಗೆ
ಹಗ್ಗಕ್ಕೆ ಕಟ್ಟಿದ ಕತ್ತದ ಗಂಟು ಇಳಿಬಿಟ್ಟು ಎಳೆದ;
ಮಸಿ ಬುಟ್ಟಿಗೆ ಬೀಳದೆ ಅವನ ಬಾಯಿಗೇ ಬಿತ್ತು.
ಆರು ಬುಟ್ಟಿ ಬೂದಿ ಬಸಳೆ ಚಪ್ಪರಕ್ಕೆ,
ಬಾಗಿದ ಎರಡು ಸರಳು ಗುಜರಿಗೆ,
ಒಲೆಯ ಬಿರುಕಿಗೆ ಆವೆಮಣ್ಣು, ಭತ್ತದ ಹೊಟ್ಟು, ನನ್ನ ಹೆಬ್ಬೆರಳು.

ತಟ್ಟೆ ಬೆಳಗಿತು. ಬೆಳಗಿದ್ದೇ ತಡ
ಒಳಗೋಡೆಯಲ್ಲಿ ಮೂರು ಗೀರು ಕಂಡವು,
ಮೊಳೆಯಿಂದ ಎಳೆದವು, ನನ್ನ ಕೈಯವಲ್ಲ.
ಮೇಲಿನದು ಉದ್ದ: ರಸ ಇಲ್ಲಿಯವರೆಗೆ.
ನಡುವಿನದಕ್ಕೆ ಒಂದು ಚುಕ್ಕಿ: ಇಲ್ಲಿ ಒಂದು ಹನಿ ಎಣ್ಣೆ, ನೊರೆ ಕೂರಲು.
ತಳದಿಂದ ಬೆರಳಗಲ ಮೇಲೆ, ಸೊಟ್ಟಗೆ, ಕೊನೆಯದು:
ಕಟ್ಟಿಗೆ ಎಳೆ, ಇಳಿಸು, ಅತ್ತಿತ್ತ ನೋಡಬೇಡ.
ಐದು ವರ್ಷ ನಾನು
ಕೇಳಲು ನಾಚಿ, ಊಹಿಸಿ, ಬೆರಳು ಸುಟ್ಟು ಕಲಿತದ್ದೆಲ್ಲ
ಮೂರು ಗೀರಿನಲ್ಲಿ.

‘ಹೇಳಬಾರದಿತ್ತೇ ಅತ್ತೆ?’
ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ.
‘ಅಲ್ಲೇ ಇತ್ತಲ್ಲ.
ನೀನು ತೊಳೆದಿರಲಿಲ್ಲ.’

ತೆಳುವಾಗಿ ಎಣ್ಣೆ ಸವರಿ ತಟ್ಟೆ ಕವುಚಿದ್ದೇವೆ.
ಹೊಗೆಕೊಳವೆಯ ಬಾಯಿಗೆ ಒಡಕು ಮಡಕೆಯ ಟೊಪ್ಪಿ.
ಒಲೆಯೊಳಗೆ ಆಗಲೇ ಒಂದು ನೆಲಗಪ್ಪೆ ಬಂದು ಕೂತಿದೆ,
ಮುಂಗಡ ಬಾಡಿಗೆ ಕೊಟ್ಟವರ ಗತ್ತಿನಲ್ಲಿ.
ನನ್ನ ಕೈ ಮಾತ್ರ ಇನ್ನೂ ಹುಳಿ ನಾರುತ್ತಿದೆ.
ರಾತ್ರಿ ಬಡಿಸುವಾಗ ಸಂಕಪ್ಪ
ಕುಡಿದಿದ್ದೀಯಾ ಎಂಬಂತೆ ಒಮ್ಮೆ ಮುಖ ನೋಡಿದ.
ನಾನೂ ಏನೂ ಅನ್ನಲಿಲ್ಲ.